ಅಕ್ಕನ ಕೊರಳ ಡಾಲರು

ನನ್ನ ಹತ್ತಿರ ಅಮೆರಿಕದ ಹನ್ನೊಂದು ಬಂಗಾರದ ನಾಣ್ಯಗಳಿವೆ. ಎಲ್ಲವೂ ಹತ್ತೊಂಬತ್ತನೆಯ ಶತಮಾನದವು, ಎಲ್ಲವೂ ಒಂದೊಂದು ಡಾಲರಿನವು. ಹೀಗೆಂದ ಕೂಡಲೇ ಕೇಳಿದವರ ಕಣ್ಣು ಅರಳುತ್ತದೆ, ತೆಗೆದು ತೋರಿಸಿದ ಕೂಡಲೇ ಮುಖ ಸಪ್ಪಗಾಗುತ್ತದೆ. ಒಂದೊಂದೂ ಅಂಗಿಯ ಗುಂಡಿಯಷ್ಟೇ ಇದೆ. ಹನ್ನೊಂದನ್ನೂ ಅಂಗೈಯಲ್ಲಿ ಹಾಕಿಕೊಂಡು ಮುಷ್ಟಿ ಮುಚ್ಚಿದರೆ ಹೊರಗಿನವರಿಗೆ ಏನೂ ಗೊತ್ತಾಗುವುದಿಲ್ಲ. ನನ್ನ ಹೆಂಡತಿ ಮೊದಮೊದಲು ಒಮ್ಮೆ ಪೆಟ್ಟಿಗೆ ತೆರೆದು ನೋಡಿ, "ಇಷ್ಟಕ್ಕ ಇಷ್ಟ ಗದ್ದಲೇನ್ರಿ?" ಎಂದಿದ್ದಳು. ಆಮೇಲೆ ಆ ಪೆಟ್ಟಿಗೆಯ ಕಡೆ ಅವಳು ತಿರುಗಿ ನೋಡಿಲ್ಲ.

ಬೆಳಗಾವಿಯ ಪ್ರೌಢಶಾಲೆಯ ವಿಜ್ಞಾನ ಮಾಸ್ತರನಿಗೂ ಅಮೆರಿಕದ ಬಂಗಾರಕ್ಕೂ ಎತ್ತಣ ಸಂಬಂಧ ಎಂದು ಕೇಳಿದವರಿಗೆ ಹೇಳಲು ನನ್ನಲ್ಲಿ ಒಂದು ಊಹೆ ಇದೆ, ಪುರಾವೆ ಇಲ್ಲ. ಗೋವೆಯ ಎಷ್ಟೋ ಜನ ಹಿಂದೆ ಹಡಗಿನಲ್ಲಿ ಅಡುಗೆಯವರಾಗಿ, ಆಳುಗಳಾಗಿ ದೇಶದೇಶ ಸುತ್ತಿ ಬರುತ್ತಿದ್ದರು. ಬರುವಾಗ ಕೈಗೆ ಸಿಕ್ಕ ಬಂಗಾರ ತರುತ್ತಿದ್ದರು. ಗೋವೆಯ ರೈಲು ಘಟ್ಟ ಹತ್ತಿ ಬರುವುದು ನಮ್ಮ ಪಕ್ಕದ ಖಾನಾಪುರ ತಾಲೂಕಿನೊಳಗೇ. ಹಾಗೆ ಬಂದ ನಾಣ್ಯಗಳಲ್ಲಿ ಈ ಪುಟ್ಟ ಡಾಲರು ಇಲ್ಲಿಯ ಅಕ್ಕಸಾಲಿಗರ, ಅಂದರೆ ಪತ್ತಾರರ ಕಣ್ಣಿಗೆ ಬಿತ್ತು. ಬಂಗಾರದ ಬಿಲ್ಲೆಗಳ ಪುತಳಿ ಸರಕ್ಕೆ ಪೋಣಿಸಲು ಅದು ಹೇಳಿ ಮಾಡಿಸಿದ ಅಳತೆ. ಮೇಲೊಂದು ಕೊಂಡಿ ಬೆಸೆದರೆ ಆಯಿತು, ಅಮೆರಿಕದ ದುಡ್ಡು ನಮ್ಮ ಹೆಣ್ಣುಮಕ್ಕಳ ಕೊರಳಲ್ಲಿ ಪುತಳಿಯಾಗಿ ಕೂರುತ್ತಿತ್ತು.

ಈಗ ಆ ಸರಗಳನ್ನು ಯಾರೂ ಹಾಕುವುದಿಲ್ಲ. ಮುರಿಸಿ ಹೊಸದು ಮಾಡಿಸುತ್ತಾರೆ. ಬೆಳಗಾವಿಯ ಶಹಾಪುರ ಪೇಟೆಯಲ್ಲಿ ನನಗೆ ಪರಿಚಯದ ಪತ್ತಾರನೊಬ್ಬನಿದ್ದಾನೆ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ, ವಿಜ್ಞಾನದಲ್ಲಿ ಎರಡು ಸಲ ನಪಾಸು. ಮುರಿಯಲು ಬಂದ ಸರದಲ್ಲಿ ಗರಿಯ ಕಿರೀಟ ತೊಟ್ಟ ಹೆಣ್ಣಿನ ಮುಖ ಕಂಡರೆ ಮೂಸೆಗೆ ಹಾಕುವ ಮೊದಲು ನನಗೆ ಫೋನು ಮಾಡುತ್ತಾನೆ. "ಸರ, ನಿಮ್ಮ ಅಮೆರಿಕಾದ ಬಾಯಾರು ಬಂದಾರ್ರಿ" ಎನ್ನುತ್ತಾನೆ. ನಾನು ಸ್ಕೂಟರು ತೆಗೆದುಕೊಂಡು ಓಡುತ್ತೇನೆ. ಹೀಗೆ ಬಂದವು ಹತ್ತು. ಹತ್ತೂ ಗಾಯದ ನಾಣ್ಯಗಳೇ. ನೆತ್ತಿಯ ಮೇಲೆ ಕೊಂಡಿ ಬೆಸೆದ ಗುರುತು, ಕೆಲವಕ್ಕೆ ತೂತು, ಒಂದಕ್ಕಂತೂ ಮುಖವೇ ಸವೆದು ಹೋಗಿದೆ. ಮೊಬೈಲಿನಲ್ಲಿ ನಾಣ್ಯ ಸಂಗ್ರಹಿಸುವವರ ಒಂದು ಗುಂಪಿದೆ, ಅದರಲ್ಲಿ ಹೊರದೇಶದವರೂ ಇದ್ದಾರೆ. ನಾನು ಫೋಟೋ ಹಾಕಿದಾಗಲೆಲ್ಲ ಅವರು ಅಳುವ ಮುಖದ ಚಿತ್ರ ಕಳಿಸಿ, ಪಾಪ, ಒಡವೆ ಮಾಡಿ ಕೆಡಿಸಿದ್ದಾರೆ ಎಂದು ಬರೆಯುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಮ್ಮ ಹೆಂಗಸರು ನೂರು ವರ್ಷ ಎದೆಯ ಮೇಲೆ ಇಟ್ಟುಕೊಂಡದ್ದು ಇವರ ಲೆಕ್ಕದಲ್ಲಿ ಕೆಡಿಸಿದ್ದು! ಹಾಗೆ ಸಿಟ್ಟು ಬಂದರೂ ಗಾಯವಿಲ್ಲದ ಒಂದು ನನಗೂ ಬೇಕಾಗಿತ್ತು ಎಂಬುದು ಸುಳ್ಳಲ್ಲ.

ಗಾಯವಿಲ್ಲದ್ದು ಇದ್ದದ್ದು ನನ್ನ ಅಕ್ಕನ ಕೊರಳಲ್ಲಿ.

ಅದು ನಮ್ಮ ಅಜ್ಜಿಯದು. ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಅಕ್ಕನಿಗೆ ಬಂದದ್ದು. ನಾಣ್ಯದ ಮೇಲಿನ ಹೆಣ್ಣುಮುಖ ನೋಡಿ ಅಜ್ಜಿ ಅದನ್ನು ಲಕ್ಷ್ಮಿ ಎಂದು ತಿಳಿದಿದ್ದಳಂತೆ. ಲಕ್ಷ್ಮಿಯ ತಲೆಯ ಮೇಲೆ ಬೆಂಕಿ ಇಟ್ಟು ಕೊಂಡಿ ಬೆಸೆಯಲು ಆಕೆ ಒಪ್ಪಲಿಲ್ಲ. ಅದಕ್ಕೇ ಪತ್ತಾರ ನಾಣ್ಯದ ಅಂಚಿಗೆ ತೆಳ್ಳಗಿನ ಬಂಗಾರದ ಪಟ್ಟಿ ಸುತ್ತಿ, ಆ ಪಟ್ಟಿಗೆ ಕೊಂಡಿ ಹಾಕಿ ಕೊಟ್ಟ. ನಾಣ್ಯಕ್ಕೆ ಉಗುರೂ ತಾಗಲಿಲ್ಲ. ಪರದೇಶದ ಸಂಗ್ರಹಕಾರರು ಗಾಜಿನ ಡಬ್ಬಿಯಲ್ಲಿಟ್ಟು ಕಾಪಾಡುವುದನ್ನು ನಮ್ಮ ಅಜ್ಜಿ ಭಕ್ತಿಯಿಂದ ಕಾಪಾಡಿದಳು.

ಅವ್ವ ತೀರಿಕೊಳ್ಳುವ ಮುಂಚೆ ಪಾಲು ಹೇಳಿಬಿಟ್ಟಿದ್ದಳು. ಬೆಳಗಾವಿಯ ಹಿಂದವಾಡಿಯ ಮನೆ ನನಗೆ, ಲಕ್ಷ್ಮಿ ಅಕ್ಕನಿಗೆ. ಆಗ ನನಗೆ ನಾಣ್ಯದ ಹುಚ್ಚು ಇರಲಿಲ್ಲ, ಮನೆ ಸಿಕ್ಕಿದ್ದಕ್ಕೆ ಒಳಗೊಳಗೇ ಖುಷಿಪಟ್ಟೆ. ಅಕ್ಕನೂ ಖುಷಿಪಟ್ಟಳು. ಆಕೆಯನ್ನು ಕೊಟ್ಟದ್ದು ಖಾನಾಪುರಕ್ಕೆ. ಕೆಲವು ವರ್ಷಗಳ ಮೇಲೆ ಭಾವ ಹೋಗಿಬಿಟ್ಟ. ತಾಳಿ, ಬಳೆ, ಕಾಲುಂಗುರ ಎಲ್ಲ ತೆಗೆದರು. ಈ ನಾಣ್ಯಕ್ಕೆ ಕೈ ಹಾಕಲು ಬಂದ ಹೆಂಗಸರಿಗೆ ಅಕ್ಕ, "ಇದನ್ನ ಮುಟ್ಟಬ್ಯಾಡ್ರಿ. ಇದು ಗಂಡನ ಮನಿದಲ್ಲ, ನನ್ನ ತವರಿಂದು" ಎಂದಳು. ಆ ದಿನ ನಾನು ಅಲ್ಲೇ ಇದ್ದೆ. ಆಮೇಲೆ ಅದು ಕರಿ ದಾರದಲ್ಲಿ ಆಕೆಯ ಕೊರಳಲ್ಲೇ ಉಳಿಯಿತು.

ನಾಣ್ಯದ ಹುಚ್ಚು ಹಿಡಿದ ಮೇಲಿನ ಒಂದು ದೀಪಾವಳಿಗೆ ಅಕ್ಕನ ಮನೆಗೆ ಹೋದಾಗ ಜೇಬಿನಲ್ಲಿ ಭೂತಗನ್ನಡಿ ಇತ್ತು. ಪೂಜೆಗೆಂದು ಅಕ್ಕ ದಾರ ಬಿಚ್ಚಿ ನಾಣ್ಯವನ್ನು ತಟ್ಟೆಯಲ್ಲಿಟ್ಟಿದ್ದಳು. ಸುಮ್ಮನೆ ನೋಡಿದೆ. ಹಿಂಬದಿಯಲ್ಲಿ ಒಂದು ಬಳ್ಳಿಯ ಹಾರ, ಅದರಲ್ಲಿ ಗೋವಿನಜೋಳ, ಹತ್ತಿ, ಗೋಧಿ, ತಂಬಾಕು. ನಮ್ಮ ಜಿಲ್ಲೆಯ ಬೆಳೆಯನ್ನೇ ಯಾರೋ ಕೊರೆದಂತಿತ್ತು. ನಡುವೆ ಇಸವಿ, ಸಾವಿರದ ಎಂಟುನೂರ ಐವತ್ತೈದು. ಅದರ ಕೆಳಗೆ ಕುಂಕುಮ ಮೆತ್ತಿಕೊಂಡ ಒಂದು ಚಿಕ್ಕ ಅಕ್ಷರ. ಉಗುರಿನಿಂದ ಕುಂಕುಮ ಒರೆಸಿದೆ. ಡಿ. ಅಮೆರಿಕದ ದಕ್ಷಿಣದಲ್ಲಿ ಡಾಲೋನಿಗಾ ಎಂಬ ಗುಡ್ಡದ ಊರಿದೆ. ಅಲ್ಲಿಯ ಮಣ್ಣಿನಲ್ಲಿ ಬಂಗಾರ ಸಿಕ್ಕಿತೆಂದು ಅಲ್ಲೇ ಒಂದು ಟಂಕಸಾಲೆ ತೆರೆದು, ಅವರ ಅಂತರ್ಯುದ್ಧ ಬಂದಾಗ ಮುಚ್ಚಿದರು. ಆ ಟಂಕಸಾಲೆಯ ಗುರುತು ಈ ಡಿ, ಅಲ್ಲಿಯ ಆ ವರ್ಷದ ಡಾಲರುಗಳು ಎಣಿಸುವಷ್ಟೇ ಉಳಿದಿವೆ. ಅಕ್ಕ ಅದಕ್ಕೆ ಅರಿಶಿನ ಹಚ್ಚುತ್ತ ಬಂದಿದ್ದಳು.

ಕೇಳಿದೆ. ಒಂದೇ ಸಲ ಕೇಳಿದ್ದು. ಬೇಕಾದರೆ ಎರಡು ತೊಲೆಯ ಬಳೆ ಮಾಡಿಸಿ ಕೊಡುತ್ತೇನೆ, ಇದನ್ನು ನನಗೆ ಕೊಡು ಎಂದೆ. ಅಕ್ಕ ಹೋಳಿಗೆ ಬೇಯಿಸುತ್ತಿದ್ದಳು, ಸೌಟು ಕೈಯಲ್ಲೇ ಇತ್ತು.

"ತಮ್ಮಾ, ಅವ್ವ ಮನಿ ನಿನಗ ಕೊಟ್ಲು, ಲಕ್ಷ್ಮೀನ ನನಗ ಕೊಟ್ಲು. ನಾ ಎಂದರ ಮನ್ಯಾಗ ಪಾಲ ಕೇಳೀನೇನು?"

ಸಿಟ್ಟಿನಿಂದ ಹೇಳಲಿಲ್ಲ, ನಕ್ಕೇ ಹೇಳಿದಳು. ಹೋಳಿಗೆ ತಿಂದು ಬೆಳಗಾವಿಗೆ ಬಂದೆ.

ಮುಂದಿನದನ್ನು ನಾನು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷದ ಮೇಲೆ, ಸುತ್ತಿನ ಪಟ್ಟಿ ಸಡಿಲಾಗಿದೆ, ನಾಣ್ಯ ಎಲ್ಲಿಯಾದರೂ ಬಿದ್ದು ಹೋದೀತು ಎಂದು ಅಕ್ಕನನ್ನು ಹೆದರಿಸಿದೆ. ನಿಜವಾಗಿ ಸಡಿಲಾಗಿರಲಿಲ್ಲ. ಆಕೆ ನಂಬಿ ದಾರ ಬಿಚ್ಚಿ ಕೊಟ್ಟಳು. ನಾನು ಅದನ್ನು ಶಹಾಪುರದ ಪತ್ತಾರನಿಗೆ ಕೊಟ್ಟು ಅಚ್ಚು ತೆಗೆದು ಅಂಥದೇ ಇನ್ನೊಂದು ಎರಕ ಹೊಯ್ಯಲು ಹೇಳಿದೆ. ಅವನು ಮೊದಲು ನನ್ನ ಮುಖ ನೋಡಿದ. ಆಮೇಲೆ ಕೆಲಸ ಮಾಡಿದ. ಚೆನ್ನಾಗಿಯೇ ಮಾಡಿದ. ಐವತ್ತೈದರ ಮೊದಲ ಐದು ಮಾಸಿದ್ದು ಕೂಡ ಹಾಗೇ ಮೂಡಿತ್ತು. ಹೆಣ್ಣಿನ ಕೆನ್ನೆಯ ಮೇಲೆ ಮಾತ್ರ ಸೂಜಿಮೊನೆಯಷ್ಟು ಎರಡು ಕುಳಿ ಬಿದ್ದಿದ್ದವು. ಅಂಚಿನ ಗೆರೆಗಳೂ ಬಂದಿರಲಿಲ್ಲ, ಪಟ್ಟಿಯೊಳಗೆ ಅದು ಯಾರಿಗೂ ಕಾಣುವುದಿಲ್ಲ.

"ಸರ, ಅಮೆರಿಕಾದವ್ರು ತಾಮ್ರ ಭಾಳ ಕಲಸ್ಯಾರ್ರಿ. ನಾ ಇಪ್ಪತ್ತೆರಡು ಕ್ಯಾರೆಟ್ ಹಾಕೀನಿ. ಅವರಕಿಂತ ನಮ್ಮದ ಚಲೋ ಐತಿ" ಎಂದ.

ಅದನ್ನೇ ನಾನು ನನಗೆ ಹೇಳಿಕೊಂಡೆ. ಹಳೆಯದಕ್ಕಿಂತ ಚೊಕ್ಕ ಬಂಗಾರ ಕೊಟ್ಟಿದ್ದೇನೆ, ಅಕ್ಕನಿಗೆ ಮೋಸವೆಲ್ಲಿ ಆಯಿತು? ಹಳೆಯ ಪಟ್ಟಿಯನ್ನೇ ಹೊಸ ನಾಣ್ಯಕ್ಕೆ ಸುತ್ತಿಸಿ ತೆಗೆದುಕೊಂಡು ಹೋಗಿ ಕೊಟ್ಟೆ. ಅಕ್ಕ ಕಿಟಕಿಯ ಬಳಿ ನಿಂತು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏನ ಚಂದ ತೊಳಸಿ ತಂದೀಯೋ! ಅವ್ವನ ಕೊಳ್ಳಾಗ ಇದ್ದಾಗ ಹಿಂಗ ಹೊಳೀತಿತ್ತು" ಎಂದು ಕಣ್ಣಿಗೆ ಒತ್ತಿಕೊಂಡಳು. ಆ ದಿನ ನನಗಾಗಿ ಮಾದಲಿ ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡೆ.

ಅಂದಿನಿಂದ ನನ್ನೊಳಗೆ ಏನೋ ಜೋಮು ಹಿಡಿಯಿತು. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ, ಇದೆ ಎಂದು ಗೊತ್ತು, ಮುಟ್ಟಿದರೆ ತಿಳಿಯದು. ಖರೇ ನಾಣ್ಯವನ್ನು ಪೆಟ್ಟಿಗೆಯಲ್ಲಿ ಹನ್ನೊಂದನೆಯದಾಗಿ ಇಟ್ಟೆ. ಗುಂಪಿಗೆ ಫೋಟೋ ಹಾಕಿದೆ. ಎಂದೂ ಮಾತಾಡದವರೂ ಹೊಗಳಿದರು, ಎಲ್ಲಿ ಸಿಕ್ಕಿತು ಎಂದು ಕೇಳಿದರು. ಮನೆತನದ್ದು ಎಂದು ಬರೆದೆ. ಅದು ಸುಳ್ಳೂ ಅಲ್ಲ. ಇಷ್ಟು ವರ್ಷ ಕಾದದ್ದಕ್ಕೆ ಕುಣಿಯಬೇಕಿತ್ತು. ಫೋನು ಚಾರ್ಜಿಗೆ ಹಾಕಿ ಕಾಯಿಪಲ್ಲೆ ತರಲು ಹೋದೆ.

ಏಳು ವರ್ಷ ಹೀಗೇ ನಡೆಯಿತು. ಅಕ್ಕ ಪ್ರತಿ ದೀಪಾವಳಿಗೆ ಆ ಎರಕದ ಹೆಣ್ಣಿಗೆ ಅರಿಶಿನ ಕುಂಕುಮ ಹಚ್ಚಿದಳು. ನಾನು ಪಕ್ಕದಲ್ಲಿ ಕೂತು ಕೈಮುಗಿದೆ.

ಕಳೆದ ವರ್ಷ ಅಕ್ಕನಿಗೆ ತಲೆನೋವು ಶುರುವಾಯಿತು, ಮಾತು ತಡವರಿಸತೊಡಗಿತು. ಬೆಳಗಾವಿಯ ನೆಹರು ನಗರದ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಕ್ಕನಿಗೆ ಇರುವುದು ಒಬ್ಬಳೇ ಮಗಳು. ಖಾನಾಪುರದಲ್ಲೇ ಅಂಚೆ ಕಚೇರಿಯಲ್ಲಿ ಕೆಲಸ, ಅಲ್ಲೇ ಗಂಡನ ಮನೆ. ಅವಳು ರಜೆ ಹಾಕಿ ಬಂದು ಕೂತಳು. ಸ್ಕ್ಯಾನಿಂಗಿಗೆ ಒಯ್ಯುವಾಗ ನರ್ಸು ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದಳು. ಅಕ್ಕ ತಾನೇ ದಾರ ಬಿಚ್ಚಿದಳು. ಮಗಳು ಕೈ ಚಾಚಿದ್ದಳು. ಅಕ್ಕ ಅವಳನ್ನು ಬಿಟ್ಟು ನನಗೆ ಕೊಟ್ಟಳು.

"ಜ್ವಾಕಿ ತಮ್ಮಾ. ಅವ್ವ ಅದಾಳ ಅದರಾಗ."

ಇನ್ನೂ ಎರಡು ಮೂರು ಸಲ ಸ್ಕ್ಯಾನ್ ಆಗಬೇಕು, ನಿನ್ನ ಹತ್ತಿರವೇ ಇರಲಿ ಎಂದಳು. ಮನೆಗೆ ತಂದೆ. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆ. ಖರೇದು ಸ್ವಲ್ಪ ಕೆಂಪಗೆ, ಎರಕದ್ದು ಹಳದಿ. ಪತ್ತಾರನ ಅಂಗಡಿಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಪಟ್ಟಿ ಬಿಚ್ಚಿ ಖರೇದನ್ನು ಕೂರಿಸಲು ಅವನಿಗೆ ಇನ್ನು ಹತ್ತು ನಿಮಿಷ. ಇಪ್ಪತ್ತು ನಿಮಿಷದ ಕೆಲಸ. ಆಕೆಯ ಕಾಯಿಲೆ ಎಂಥದೆಂದು ಡಾಕ್ಟರು ಹಿಂದಿನ ದಿನವೇ ನನಗೆ ಹೇಳಿದ್ದರು, ಹೆಚ್ಚು ದಿನ ಇಲ್ಲ ಎಂದೂ ಹೇಳಿದ್ದರು. ನಾನು ಇನ್ನೊಂದು ಕಪ್ ಚಹಾ ಹಾಕಿಸಿಕೊಂಡು ಪೇಪರು ಓದಿದೆ. ಎರಡು ಪುಟ ಓದಿದರೂ ಏನು ಓದಿದೆನೋ ತಿಳಿಯದು. ನಾಳೆ ಹೋದರಾಯಿತು ಎಂದುಕೊಂಡೆ. ಮೂರನೆಯ ದಿನ ಎರಕದ್ದನ್ನೇ ಒಯ್ದು ಅಕ್ಕನ ಕೊರಳಿಗೆ ಕಟ್ಟಿದೆ. ಗಂಟು ಬಿಗಿಯಾಯಿತೇನು ಎಂದು ಕೇಳಿದೆ. ಇಲ್ಲ ಎಂದು ತಲೆ ಆಡಿಸಿದಳು.

ಆಸ್ಪತ್ರೆಯಿಂದ ಖಾನಾಪುರಕ್ಕೆ ಕರೆದುಕೊಂಡು ಹೋದ ಹದಿನೈದನೆಯ ದಿನ ಅಕ್ಕ ಹೋದಳು. ಬೆಳಿಗ್ಗೆ ಅಕ್ಕನ ಮಗಳು, ನನ್ನ ಸೋದರ ಸೊಸೆ, ಫೋನು ಮಾಡಿದಳು. ಅಳುತ್ತಲೇ ಮಾಡಬೇಕಾದ್ದನ್ನು ಒಂದೊಂದಾಗಿ ಹೇಳಿದಳು.

"ಮಾಮಾ, ತವರಿನ ಸೀರಿ ನೀವ ತರಬೇಕು. ಮತ್ತ ಬಾಯಾಗ ಇಡೂ ಬಂಗಾರಾನೂ ತವರಿಂದ ಆಗಬೇಕಂತ. ಅವ್ವ ಮೊದಲ ಹೇಳಿಟ್ಟಾಳ, ನನ್ನ ಲಕ್ಷ್ಮೀನ ಇಡ್ರಿ, ತಮ್ಮನ ಕೈಲೆ ಇಡಸ್ರಿ ಅಂತ."

ನಮ್ಮಲ್ಲಿ ಸತ್ತವರ ಬಾಯಲ್ಲಿ ಒಂದು ಚೂರು ಬಂಗಾರ ಇಟ್ಟು ಮಣ್ಣು ಮಾಡುತ್ತಾರೆ. ಅವ್ವನಿಗೆ ಒಂದು ಗುಂಜಿಯಷ್ಟು ಇಟ್ಟಿದ್ದೆವು, ಅದು ಅವ್ವನ ಜೊತೆಗೇ ಹೋಯಿತು. ನಾನು ಪೆಟ್ಟಿಗೆ ತೆರೆದು ಖರೇ ನಾಣ್ಯವನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡೆ. ಅದನ್ನು ಅಕ್ಕನಿಗೆ ಕೊಟ್ಟುಬಿಡಬೇಕು, ಇವತ್ತಿಗೆ ಮುಗಿದು ಹೋಗಲಿ ಎಂಬುದೇ ಮನಸ್ಸಿನಲ್ಲಿದ್ದದ್ದು. ಅಷ್ಟು ಮಾತ್ರ ನಾನು ಪ್ರಾಮಾಣಿಕವಾಗಿ ಹೇಳಬಲ್ಲೆ. ಇಳಕಲ್ ಸೀರೆ ಒಂದನ್ನು ಕೊಂಡು ಬಸ್ಸು ಹತ್ತಿದೆ.

ಅಕ್ಕನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ ಹಚ್ಚಿದ್ದರು. ಭಜನೆಯವರು ಬಂದಿದ್ದರು. ಪಕ್ಕದ ಮನೆಯ ಮರಾಠಿ ಹೆಂಗಸರು ಬಾಗಿಲಲ್ಲಿ ಗುಂಪಾಗಿ ನಿಂತಿದ್ದರು. ಹೆಂಗಸರು ನಾನು ತಂದ ಸೀರೆ ಉಡಿಸಿದರು. ಸೋದರ ಸೊಸೆ ಕತ್ತರಿಯಿಂದ ಕರಿ ದಾರ ಕತ್ತರಿಸಿ ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟಳು. ಪಟ್ಟಿ ಸಮೇತ ಬಾಯಲ್ಲಿ ಕೂರುವುದಿಲ್ಲ, ಬಿಚ್ಚಿ ತರುತ್ತೇನೆ ಎಂದೆ. ಒಬ್ಬನೇ ಇರಲು ನನಗೊಂದು ನೆಪ ಬೇಕಿತ್ತು. ಅಡುಗೆಮನೆಗೆ ಹೋಗಿ ಚಾಕುವಿನ ಮೊನೆಯಿಂದ ಪಟ್ಟಿ ಬಿಡಿಸಿದೆ. ಅದನ್ನು ಪ್ಯಾಂಟಿನ ಜೇಬಿಗೆ ಹಾಕಿದೆ. ಅಂಗಿಯ ಜೇಬಿನಿಂದ ಖರೇದನ್ನು ತೆಗೆದೆ.

ಒಲೆಕಟ್ಟೆಯ ಮೇಲೆ ಎರಡೂ ಇದ್ದವು. ಒಂದನ್ನು ಹಿಡಿದುಕೊಂಡು ಹೊರಗೆ ಹೋಗಬೇಕು. ಖರೇದನ್ನು ಇಟ್ಟರೆ ಇನ್ನರ್ಧ ತಾಸಿನಲ್ಲಿ ಅದು ಮಣ್ಣಿನೊಳಗೆ ಹೋಗುತ್ತದೆ, ಜಗತ್ತಿನಲ್ಲಿ ಇಂಥವು ಎಷ್ಟು ಉಳಿದಿವೆಯೋ, ಅದರಲ್ಲಿ ಒಂದೂ ಗಾಯವಿಲ್ಲದ್ದನ್ನು ನನ್ನ ಕೈಯಾರೆ ಮಣ್ಣಿಗೆ ಹಾಕಲೇ ಎಂದು ಯೋಚಿಸಿದೆ. ಅಕ್ಕನಿಗೆ ಇನ್ನು ಯಾವುದಾದರೇನು ಎಂದೂ ಯೋಚಿಸಿದೆ. ಯಾವ ಯೋಚನೆಯೂ ಬಹಳ ಹೊತ್ತು ನಿಲ್ಲಲಿಲ್ಲ. ಹೊರಗೆ ಯಾರೋ ಕರೆದರು. ಖರೇದನ್ನು ತಿರುಗಿ ಅಂಗಿಯ ಜೇಬಿಗೆ ಹಾಕಿಕೊಂಡು ಎರಕದ್ದನ್ನು ಹಿಡಿದು ಹೋದೆ. ಕೈ ನಡುಗಲಿಲ್ಲ. ನಡುಗಿದ್ದರೆ ಒಳ್ಳೆಯದಿತ್ತು.

ಅಯ್ಯನವರು ಮಂತ್ರ ಹೇಳುತ್ತಿದ್ದರು. ಮಂಡಿಯೂರಿ ಕೂತು ಅಕ್ಕನ ತುಟಿ ಬಿಡಿಸಿ ನಾಣ್ಯ ಇಟ್ಟೆ. ತುಟಿ ತಣ್ಣಗಿತ್ತು, ಒಣಗಿತ್ತು. ಎಲ್ಲರೂ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ತಮ್ಮ ಗಟ್ಟಿ ಮನುಷ್ಯ ಎಂದು ಯಾರೋ ಹಿಂದಿನಿಂದ ಹೇಳಿದ್ದು ಕೇಳಿಸಿತು. ಎದ್ದು ನಿಲ್ಲಲು ಹೋದೆ. ಭಾವನ ಅಣ್ಣ, ಆ ಮನೆಯ ಹಿರಿಯರು, ನನ್ನ ಭುಜದ ಮೇಲೆ ಕೈ ಇಟ್ಟು ತಡೆದರು.

"ಸಾಕ್ರಿ ಮಾಸ್ತರ, ಈಗ ತಗೀರಿ ಅದನ್ನ."

ನನಗೆ ಅರ್ಥವಾಗಲಿಲ್ಲ. ಅವರ ಮುಖ ನೋಡಿದೆ.

"ನಮ್ಮ ಮನ್ಯಾಗ ಬಾಯಿಗೆ ಮುಟ್ಟಿಸಿ ತಗದಬಿಡತೇವ್ರಿ. ಮಣ್ಣಾಗ ಹಾಕಾಂಗಿಲ್ಲ. ತಾಯಿ ಬಾಯಾಗಿಂದು ಮಗಳಿಗೆ ಹೋಗಬೇಕದು."

ನಾನು ತಿರುಗಿ ಕೂತು ಅಕ್ಕನ ಬಾಯಿಂದ ನಾಣ್ಯ ತೆಗೆದೆ. ಸೋದರ ಸೊಸೆ ಎರಡೂ ಕೈ ಜೋಡಿಸಿ ಚಾಚಿದಳು. ಅದರಲ್ಲಿ ಹಾಕಿದೆ. ತೊಳೆಯಲೂ ಇಲ್ಲ, ಒರೆಸಲೂ ಇಲ್ಲ, ಅವಳು ಅದನ್ನು ಒಂದು ಕಣ್ಣಿಗೆ ಒತ್ತಿಕೊಂಡಳು, ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಖರೇದು ನನ್ನ ಜೇಬಿನಲ್ಲಿತ್ತು. ಮಣ್ಣಿಗೆ ಹೋಗುತ್ತದೆಂದು ಹೆದರಿ ನಾನು ಉಳಿಸಿಕೊಂಡದ್ದು ಮಣ್ಣಿಗೆ ಹೋಗುವುದೇ ಇರಲಿಲ್ಲ. ಅಕ್ಕನ ತುಟಿ ಮುಟ್ಟಿ, ಅವಳ ಮಗಳ ಕೊರಳಿಗೆ ಹೋಗುವುದಿತ್ತು. ಒಂದು ಮಾತು ಯಾರನ್ನಾದರೂ ಕೇಳಿದ್ದರೆ ಸಾಕಿತ್ತು. ನಮ್ಮ ಮನೆಯ ಹಾಗೇ ಎಲ್ಲರ ಮನೆಯೂ ಎಂದುಕೊಂಡೆ. ಅಕ್ಕ ನಲವತ್ತು ವರ್ಷ ಬಾಳಿದ ಮನೆ ಅದು, ಭಾವ ಹೋದಾಗ ಅಲ್ಲೇ ಇದ್ದರೂ ಅಲ್ಲಿಯ ಪದ್ಧತಿ ಏನೆಂದು ನಾನು ಗಮನಿಸಿದವನಲ್ಲ, ಒಂದು ದಿನವೂ ವಿಚಾರಿಸಿದವನಲ್ಲ.

ಅಕ್ಕನನ್ನು ಕೂತ ಹಾಗೆಯೇ ಹೊತ್ತುಕೊಂಡು ಹೋಗಿ ಅವರ ಹೊಲದಲ್ಲಿ ಮಣ್ಣು ಮಾಡಿದರು. ನಾನೂ ಮೂರು ಹಿಡಿ ಮಣ್ಣು ಹಾಕಿದೆ. ಬಗ್ಗಿದಾಗ ನಾಣ್ಯ ಜೇಬಿನಿಂದ ಬೀಳದಿರಲೆಂದು ಎದೆಗೆ ಕೈ ಒತ್ತಿ ಹಿಡಿದಿದ್ದೆ. ನೋಡಿದವರು ದುಃಖಕ್ಕೆ ಹಾಗೆ ಹಿಡಿದಿದ್ದಾನೆ ಎಂದುಕೊಂಡಿರಬೇಕು. ಒಬ್ಬರು ಬಂದು ನೀರು ಕೊಟ್ಟರು.

ಎರಡು ವಾರದ ಮೇಲೆ ಸೋದರ ಸೊಸೆ ಫೋನು ಮಾಡಿ, ಆ ಸುತ್ತಿನ ಪಟ್ಟಿ ನಿಮ್ಮ ಕಡೆ ಉಳಿದಿದೆಯೇ, ಇದ್ದರೆ ಬರುವಾಗ ತನ್ನಿ ಎಂದಳು. ಅವ್ವನ ಲಕ್ಷ್ಮಿಯನ್ನು ತಾನು ಕೊರಳಿಗೆ ಹಾಕಿಕೊಳ್ಳಬೇಕು ಎಂದಳು. ಪಟ್ಟಿ ಒಗೆಯಲು ಹಾಕಿದ ಪ್ಯಾಂಟಿನಲ್ಲೇ ಇತ್ತು. ಅದನ್ನು ಒಂದು ಕಾಗದದಲ್ಲಿ ಸುತ್ತಿದೆ. ಖರೇ ನಾಣ್ಯವನ್ನು ಇನ್ನೊಂದು ಕಾಗದದಲ್ಲಿ ಸುತ್ತಿದೆ. ಹೆಂಡತಿ ಎಲ್ಲಿಗೆ ಎಂದು ಕೇಳಿದಳು, ಖಾನಾಪುರಕ್ಕೆ ಎಂದೆ. ಈ ಸಲ ಧೈರ್ಯ ಮಾಡಿ ಹೋದದ್ದೆಂದು ಯಾರೂ ತಿಳಿಯಬಾರದು. ಧೈರ್ಯ, ಹೆದರಿಕೆ ಯಾವುದೂ ಇರಲಿಲ್ಲ. ಪೋಸ್ಟಿಗೆ ಕಾಗದ ಹಾಕಲು ಹೋದ ಹಾಗೆ ಹೋದೆ.

ಅವಳು ಕಚೇರಿಯಿಂದ ಆಗಷ್ಟೇ ಬಂದಿದ್ದಳು. "ಬರ್ರಿ ಮಾಮಾ, ಕುಂದರ್ರಿ" ಎಂದು ಚಹಾಕ್ಕೆ ಇಟ್ಟಳು. ಕೊರಳಲ್ಲಿ ದಾರ ಆಗಲೇ ಸಿದ್ಧವಾಗಿತ್ತು, ನಾಣ್ಯ ಇನ್ನೂ ಸೆರಗಿನ ಗಂಟಿನಲ್ಲೇ ಇತ್ತು. ನಾನು ಎರಡೂ ಪೊಟ್ಟಣಗಳನ್ನು ಮೇಜಿನ ಮೇಲೆ ಬಿಚ್ಚಿಟ್ಟೆ. ಹೇಳಿಬಿಟ್ಟೆ. ಪಟ್ಟಿ ಸಡಿಲಾಗಿದೆಯೆಂದು ಹೆದರಿಸಿದ್ದು, ಎರಕ ಹೊಯ್ಯಿಸಿದ್ದು, ಆಸ್ಪತ್ರೆಯಿಂದ ಮನೆಗೆ ತಂದು ಎರಡು ದಿನ ಇಟ್ಟುಕೊಂಡದ್ದು, ಅಡುಗೆಮನೆಯಲ್ಲಿ ಬದಲು ಮಾಡದೆ ಹೊರಗೆ ಬಂದದ್ದು, ಎಲ್ಲವನ್ನೂ ಹೇಳಿದೆ. ಪಾಠ ಒಪ್ಪಿಸಿದ ಹಾಗೆ ಹೇಳಿದೆ. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಅವಳು ಎದ್ದು ಗ್ಯಾಸು ಆರಿಸಿ ಬಂದು ಕೂತಳು.

"ಅವ್ವಗ ಗೊತ್ತಿತ್ತೇನ್ರಿ?"

"ಇಲ್ಲ."

"ಖರೇನ ಗೊತ್ತಿರಲಿಲ್ಲ?"

"ಖರೇನ ಇಲ್ಲ. ತೊಳಸಿ ತಂದೀ ಅಂತ ಖುಷಿ ಪಟ್ಟಿದ್ಲು."

ಅವಳು ಸೆರಗಿನ ಗಂಟು ಬಿಚ್ಚಿ ಎರಕದ್ದನ್ನು ಹೊರಗೆ ತೆಗೆದಳು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ನಾನು ನೋಡುತ್ತಾಳೆ ಎಂದುಕೊಂಡಿದ್ದೆ, ಕೆನ್ನೆಯ ಮೇಲಿನ ಎರಡು ಕುಳಿ ತೋರಿಸಲು ಭೂತಗನ್ನಡಿಯನ್ನೂ ತಂದಿದ್ದೆ. ಅವಳು ನನ್ನ ಕಡೆಯೇ ನೋಡುತ್ತಿದ್ದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹಂಗಾರ ನಮ್ಮವ್ವ ತವರಿಂದು ಏನೂ ಬಾಯಿಗೆ ಮುಟ್ಟಿಸಿಕೊಳ್ಳದ ಹೋದ್ಲು" ಎಂದಳು.

ಈ ಎರಕಕ್ಕೆ ಹಾಕಿದ್ದೂ ನನ್ನ ದುಡ್ಡೇ, ಲೆಕ್ಕ ಹಿಡಿದರೆ ಇದೂ ತವರಿನದೇ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದೆ. ಅಷ್ಟಾದರೂ ನುಂಗಿದೆನಲ್ಲ ಎಂದು ಈಗ ಅನಿಸುತ್ತದೆ. ಅವಳು ಪಟ್ಟಿಯನ್ನು ಎತ್ತಿಕೊಂಡು ಎರಕದ ನಾಣ್ಯವನ್ನು ಅದರೊಳಗೆ ಕೂರಿಸಿದಳು, ಚಮಚದ ಬೆನ್ನಿನಿಂದ ಸುತ್ತಲೂ ಒತ್ತಿದಳು. ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ಮೇಜಿನ ಮೇಲಿನ ಖರೇದನ್ನು ಅದು ಬಂದ ಕಾಗದದಲ್ಲೇ ಸುತ್ತಿ ನನ್ನ ಮುಂದೆ ಸರಿಸಿದಳು.

"ಇದು ನಿಂದವಾ. ನಿಮ್ಮವ್ವಂದು, ನಿನಗ ಕೊಡಾಕಂತನ ತಂದೀನಿ" ಎಂದೆ.

"ಬ್ಯಾಡ್ರಿ. ನಮ್ಮವ್ವನ ಬಾಯಿ ಮುಟ್ಟಿದ್ದು ನನ್ನ ಕಡೆ ಐತಿ. ಇದು ಯಾರದೋ ಏನೋ. ನೀವ ಒಯ್ರಿ."

ಮಾಮಾ ಎನ್ನಲಿಲ್ಲ. ಬಾಗಿಲವರೆಗೆ ಬಂದಳು, ಬಸ್ಸು ಇದೆಯೇ ಎಂದು ಕೇಳಿದಳು, ಇದೆ ಎಂದೆ. ಬಾಗಿಲು ಮುಚ್ಚಿದ ಸದ್ದು ಓಣಿಯ ಅರ್ಧಕ್ಕೆ ಬಂದ ಮೇಲೆ ಕೇಳಿಸಿತು.

ಖರೇದನ್ನು ಜೇಬಿಗೆ ಹಾಕಿಕೊಳ್ಳದೆ ಅಲ್ಲೇ ಮೇಜಿನ ಮೇಲೆ ಬಿಟ್ಟು ಬರಬಹುದಿತ್ತು. ಬಾಗಿಲ ಹೊಸ್ತಿಲ ಮೇಲೆ ಇಟ್ಟು ಬರಬಹುದಿತ್ತು. ಹೊಲಕ್ಕೆ ಹೋಗಿ ಅಕ್ಕನ ಮಣ್ಣಿನಲ್ಲಿ ಹೂತು ಬರಲೂಬಹುದಿತ್ತು, ಹಾದಿ ಗೊತ್ತಿತ್ತು, ಇನ್ನೂ ಬೆಳಕಿತ್ತು. ಇದೆಲ್ಲ ಹೊಳೆದದ್ದು ಬಸ್ಸು ಹೊರಟ ಮೇಲೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಬೆಳಗಾವಿ ಮುಟ್ಟುವುದರೊಳಗೆ ನಾಣ್ಯ ಬಿದ್ದಿಲ್ಲವಷ್ಟೇ ಎಂದು ಎರಡು ಸಲ ಜೇಬು ಮುಟ್ಟಿ ನೋಡಿಕೊಂಡೆ.